ಗುಡಿ ಹೋದರೂ ಉಳಿದ ಓದು

1979ರಲ್ಲಿ ಜೆರುಸಲೇಮಿನ ಹಳೆ ಕೋಟೆಗೋಡೆಯ ಹೊರಗೆ, ಕೇತೆಫ್ ಹಿನ್ನೋಮ್ ಎಂಬಲ್ಲಿ ಬಂಡೆ ಕೊರೆದು ಮಾಡಿದ ಒಂದು ಸಮಾಧಿಯಲ್ಲಿ ಎರಡು ಪುಟ್ಟ ಬೆಳ್ಳಿ ಸುರುಳಿಗಳು ಸಿಕ್ಕವು. ನಮ್ಮ ತಾಯತದೊಳಗೆ ತಗಡು ಸುತ್ತಿಡುವುದಿಲ್ಲವೇ, ಹಾಗೆ. ಮುರಿಯದಂತೆ ಬಿಚ್ಚಲು ವರ್ಷಗಳೇ ಹಿಡಿದವು. ದೊಡ್ಡ ಸುರುಳಿ ಬಿಚ್ಚಿಕೊಂಡಾಗ ಇದ್ದದ್ದು ಸುಮಾರು 10 ಸೆಂಟಿಮೀಟರ್ ಉದ್ದ. ಅದರ ಮೇಲೆ ಕೂದಲೆಳೆಯಂಥ ಗೀರುಗಳಲ್ಲಿ ಹಳೆಯ ಹೀಬ್ರೂ ಲಿಪಿ: ದೇವರು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ. ಇದು ಕ್ರಿ.ಪೂ. 600ರ ಆಸುಪಾಸಿನದು ಎನ್ನುತ್ತಾರೆ ಹೆಚ್ಚಿನ ವಿದ್ವಾಂಸರು. ಇದೇ ಮಾತನ್ನು ಇವತ್ತಿಗೂ ಶುಕ್ರವಾರ ಸಂಜೆ ಯಹೂದಿ ಮನೆಗಳಲ್ಲಿ ಹೆತ್ತವರು ಮಕ್ಕಳ ತಲೆ ಮೇಲೆ ಕೈಯಿಟ್ಟು ಹೇಳುತ್ತಾರೆ.

ಆ ಸುರುಳಿಯನ್ನು ಕೊರಳಿಗೆ ಕಟ್ಟಿಕೊಂಡಿದ್ದವರ ರಾಜ್ಯ ಅಳಿಯಿತು, ಗುಡಿ ಸುಟ್ಟುಹೋಯಿತು. ಮಾತು ಮಾತ್ರ ಹೇಗೆ ಉಳಿಯಿತು? ಯಹೂದಿ ಧರ್ಮದ ಇತಿಹಾಸವನ್ನು ಈ ಪ್ರಶ್ನೆ ಹಿಡಿದೇ ಓದಬೇಕು ಎಂದು ನನಗನ್ನಿಸುತ್ತದೆ.

ಮೂಲದ ಬಗ್ಗೆ ಪರಂಪರೆ ಹೇಳುವ ಕಥೆ ಬಹಳ ಜನಕ್ಕೆ ಗೊತ್ತು. ಊರ್ ಪಟ್ಟಣ ಬಿಟ್ಟು ಹೊರಟ ಅಬ್ರಹಾಂ, ಈಜಿಪ್ಟಿನ ಜೀತದಿಂದ ಜನರನ್ನು ಬಿಡಿಸಿದ ಮೋಶೆ, ಸೀನಾಯ್ ಬೆಟ್ಟದಲ್ಲಿ ದೇವರೊಡನೆ ಆದ ಒಡಂಬಡಿಕೆ. ನೆಲ ಅಗೆದವರಿಗೆ ಸಿಕ್ಕಿರುವುದು ಇದಕ್ಕಿಂತ ಸಣ್ಣ ಆರಂಭ. ಈಜಿಪ್ಟಿನ ದೊರೆ ಮೆರ್ನೆಪ್ತಾ ಸುಮಾರು ಕ್ರಿ.ಪೂ. 1208ರಲ್ಲಿ ಹಾಕಿಸಿದ ಶಾಸನದಲ್ಲಿ 'ಇಸ್ರೇಲ್' ಎಂಬ ಹೆಸರು ಮೊದಲ ಬಾರಿಗೆ ಬರುತ್ತದೆ. ಅವರನ್ನು ನಾಶ ಮಾಡಿದೆ ಎಂಬ ಜಂಬದ ಸಾಲಿನಲ್ಲಿ! ಅದೇ ಕಾಲಕ್ಕೆ ಕಾನಾನಿನ, ಅಂದರೆ ಇಂದಿನ ಇಸ್ರೇಲ್-ಪ್ಯಾಲೆಸ್ಟೀನ್ ಸೀಮೆಯ, ಗುಡ್ಡಗಾಡಿನಲ್ಲಿ ನೂರಾರು ಪುಟ್ಟ ಹಳ್ಳಿಗಳು ಎದ್ದವು. ಅಲ್ಲಿನ ಮಡಕೆ ಕುಡಿಕೆಗಳು ಸುತ್ತಲ ಕಾನಾನ್ಯರ ಮಡಕೆಗಳಂತೆಯೇ ಇವೆ. ಹೀಬ್ರೂ ಕೂಡ ಕಾನಾನಿನ ನುಡಿಗಳ ಬಳಗದ್ದೇ. ಹಾಗಾಗಿ ಆ ಜನರಲ್ಲಿ ಬಹುಪಾಲು ಅದೇ ನೆಲದವರು ಎಂದು ಈಗ ಅನೇಕ ಸಂಶೋಧಕರು ತಿಳಿಯುತ್ತಾರೆ.

ಒಬ್ಬನೇ ದೇವರು ಎಂಬ ನಂಬಿಕೆಯೂ ಒಂದೇ ದಿನ ಮೂಡಿದ್ದಲ್ಲ. ಸೀನಾಯ್ ಮರುಭೂಮಿಯ ಕುಂತಿಲೆತ್ ಅಜ್ರುದ್‌ನಲ್ಲಿ ಸಿಕ್ಕ, ಸುಮಾರು ಕ್ರಿ.ಪೂ. 800ರ ದೊಡ್ಡ ಹರವಿಯೊಂದರ ಮೇಲೆ 'ಸಮಾರ್ಯದ ಯಾಹ್ವೆ ಮತ್ತು ಅವನ ಅಶೇರಾ' ಎಂದು ಬರೆದಿದೆ. ಸಮಾರ್ಯ ಉತ್ತರದ ಇಸ್ರೇಲ್ ರಾಜ್ಯದ ರಾಜಧಾನಿ, ಯಾಹ್ವೆ ಇಸ್ರೇಲಿನ ದೇವರ ಹೆಸರು, ಅಶೇರಾ ಕಾನಾನ್ಯರ ದೇವಿಯ ಹೆಸರು. ಬೇರೆ ದೇವರುಗಳ ಪೂಜೆ ಬಿಡಿ ಎಂದು ಪ್ರವಾದಿಗಳು ಮತ್ತೆ ಮತ್ತೆ ಗದರಿದ್ದು ಯಾಕೆ ಎಂಬುದು ಆ ಹರವಿ ನೋಡಿದರೆ ತಿಳಿಯುತ್ತದೆ.

ಕ್ರಿ.ಪೂ. 722ರ ಹೊತ್ತಿಗೆ ಉತ್ತರದ ಇಸ್ರೇಲ್ ರಾಜ್ಯ ಅಸ್ಸೀರಿಯನ್ನರ ಪಾಲಾಯಿತು. ದಕ್ಷಿಣದಲ್ಲಿ ಉಳಿದದ್ದು ಯೂದಾ. 'ಯಹೂದಿ' ಎಂಬ ಹೆಸರು ಬಂದದ್ದು ಇದರಿಂದ. ಕ್ರಿ.ಪೂ. 586ರಲ್ಲಿ ಬ್ಯಾಬಿಲೋನಿನ ನೆಬೂಕದ್ನೆಚ್ಚರನ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟು ಜನರನ್ನು ಸೆರೆ ಒಯ್ದಿತು.

ಆ ಕಾಲದ ಲೆಕ್ಕದಲ್ಲಿ ಗುಡಿ ಬಿದ್ದರೆ ದೇವರೂ ಸೋತಂತೆ. ನೆರೆಯ ಮೋವಾಬಿನ ಕೆಮೋಷ್ ದೇವರನ್ನು ಇಂದು ಪೂಜಿಸುವವರಿಲ್ಲ. ಯೂದಾದವರು ಸೋಲನ್ನು ಬೇರೆ ಥರ ಓದಿಕೊಂಡರು: ದೇವರು ಸೋಲಲಿಲ್ಲ, ಒಡಂಬಡಿಕೆ ಮುರಿದವರು ನಾವು, ಬ್ಯಾಬಿಲೋನಿನ ದೊರೆಯೂ ಅವನ ಕೈಯ ಕೋಲು. ಇದೇ ತಿರುವು ಎಂದು ನಾನು ನಂಬಿದ್ದೇನೆ. ಒಂದು ನಾಡಿನ ದೇವರು ಜಗತ್ತಿಗೇ ದೇವರಾದದ್ದು ಸೆರೆಯಲ್ಲಿದ್ದವರ ಮನಸ್ಸಿನಲ್ಲಿ. ಸೆರೆಯವರು ಕಟ್ಟಿಕೊಂಡ ಬದುಕಿಗೂ ಸಾಕ್ಷಿಯಿದೆ. 'ಯಹೂದ ಊರು' ಎಂದೇ ಕರೆಸಿಕೊಂಡ ಬ್ಯಾಬಿಲೋನಿನ ಹಳ್ಳಿಯ ಜೇಡಿಮಣ್ಣಿನ ಫಲಕಗಳಲ್ಲಿ ಅವರ ಹೊಲ, ಕಂದಾಯ, ಸಾಲಗಳ ಲೆಕ್ಕವಿದೆ.

ಕ್ರಿ.ಪೂ. 539ರಲ್ಲಿ ಪರ್ಷಿಯದ ಸೈರಸ್ ಬ್ಯಾಬಿಲೋನ್ ಗೆದ್ದ. ಕೆಲವರು ಊರಿಗೆ ಮರಳಿದರು, ಎರಡನೆಯ ದೇವಾಲಯ ಎದ್ದಿತು. ಆದರೆ ಅಷ್ಟರಲ್ಲಿ ಗ್ರಂಥ ಗುಡಿಯ ಪಕ್ಕಕ್ಕೆ ಬಂದು ನಿಂತಿತ್ತು. ಧರ್ಮಶಾಸ್ತ್ರ ಬಲ್ಲ ಪುರೋಹಿತ ಎಜ್ರನು ಮರದ ಅಟ್ಟಣಿಗೆ ಹತ್ತಿ, ಬಯಲಲ್ಲಿ ನೆರೆದ ಗಂಡಸರು ಹೆಂಗಸರಿಗೆಲ್ಲ ತೋರಾ ಎಂಬ ಧರ್ಮಗ್ರಂಥವನ್ನು ಓದಿ ಅರ್ಥ ಹೇಳಿಸಿದ ಎಂದು ಬೈಬಲ್ ಹೇಳುತ್ತದೆ.

ಆ ದೇವಾಲಯವನ್ನೂ ಕ್ರಿ.ಶ. 70ರಲ್ಲಿ ರೋಮಿನ ಟೈಟಸ್ ಕೆಡವಿದ. ಅಲ್ಲಿಗೆ ಬಲಿ ನಿಂತಿತು, ಪುರೋಹಿತರ ಕೆಲಸ ಮುಗಿಯಿತು. ಯವ್ನೆ ಊರಿನಲ್ಲಿ ಧರ್ಮಗುರು ಯೋಹನಾನ್ ಬೆನ್ ಜಕ್ಕಾಯ್ ಮತ್ತು ಶಿಷ್ಯರು ಪಾಠ ಮುಂದುವರಿಸಿದರು. ಬಲಿಯ ಹೊತ್ತಿಗೆ ಪ್ರಾರ್ಥನೆ, ಗುಡಿಯ ಬದಲಿಗೆ ಮನೆಯ ಊಟದ ಮೇಜು. ಬಾಯಿಂದ ಬಾಯಿಗೆ ಬಂದ ನಿಯಮಗಳು ಕ್ರಿ.ಶ. 200ರ ಸುಮಾರಿಗೆ ಮಿಷ್ನಾ ಎಂಬ ಸಂಗ್ರಹವಾದವು, ಮುಂದೆ ಅದರ ಮೇಲಿನ ಚರ್ಚೆ ತಾಲ್ಮುದ್ ಆಯಿತು. ಅಚ್ಚಾದ ತಾಲ್ಮುದಿನ ಪುಟ ನೋಡಿ: ನಡುವೆ ಮೂಲ, ಸುತ್ತಲೂ ಸಣ್ಣ ಅಕ್ಷರದ ಟೀಕೆಗಳು. ಹಿಲ್ಲೇಲ್, ಶಮ್ಮಾಯಿ ಎಂಬ ಇಬ್ಬರು ಗುರುಗಳ ಪಂಥಗಳು ವಾದಿಸಿ, ಹಿಲ್ಲೇಲರ ಪಂಥ ಗೆದ್ದ ಕಡೆಯೂ ಶಮ್ಮಾಯಿಯವರ ವಾದವನ್ನು ಅಳಿಸಿಲ್ಲ. ಸೋತ ಮಾತನ್ನೂ ಬರೆದಿಡುವ ಈ ಗುಣ ನನಗೆ ಬಹಳ ಪ್ರೀತಿಯದು.

ದೇವರ ಹೆಸರಿರುವ ಕಾಗದವನ್ನು ಬಿಸಾಡಬಾರದು ಎಂಬ ಕಟ್ಟಳೆಯೂ ಹೀಗೇ ಬೆಳೆಯಿತು. ಕೈರೋದ ಹಳೆಯ ಭಾಗದ ಬೆನ್ ಎಜ್ರ ಪ್ರಾರ್ಥನಾ ಮಂದಿರದ ಕೋಣೆಯೊಂದರಲ್ಲಿ, ಗೆನೀಜಾದಲ್ಲಿ, ಶತಮಾನಗಳ ಚೀಟಿಗಳು ರಾಶಿ ಬಿದ್ದವು. 19ನೇ ಶತಮಾನದ ಕೊನೆಗೆ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಡ್ಜಿಗೆ ಸಾಗಿಸಿದರು. ಅದರಲ್ಲಿ ನಮ್ಮ ಮಂಗಳೂರೂ ಇದೆ. 12ನೇ ಶತಮಾನದಲ್ಲಿ ಟುನೀಶಿಯದಿಂದ ಬಂದು ಇಲ್ಲಿ ಹಲವು ವರ್ಷ ನೆಲೆಸಿದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳವು. 1132ರಲ್ಲಿ ಮಂಗಳೂರಿನಲ್ಲಿ ಆತ ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ ಪತ್ರವೂ ಉಳಿದಿದೆ. ಇಲ್ಲಿಂದ ಅಡಿಕೆ, ಮೆಣಸು, ಕಬ್ಬಿಣ ಯೆಮೆನಿನ ಬಂದರು ಏಡನ್ನಿಗೆ ಹೋಗುತ್ತಿತ್ತು. ಬರೆಯದೆ ಇರಲಾರದ ಆ ಮನುಷ್ಯನಿಗೆ ಏಡನ್ನಿನ ಗೆಳೆಯರು ಹಡಗಿನಲ್ಲಿ ಕಾಗದ ಕಳಿಸಿಕೊಡುತ್ತಿದ್ದರು. ಅವನು ಬಂದ ಪತ್ರಗಳ ಹಿಂಬದಿಯನ್ನೂ ಬಿಡದೆ ಲೆಕ್ಕ ಬರೆಯುತ್ತಿದ್ದ.