‘ಎಚ್ಚೆತ್ತು’: ಇದರಲ್ಲಿ ಎತ್ತುವುದೇನೂ ಇಲ್ಲ

ಹಿಡಕಲ್ ಜಲಾಶಯದಿಂದ ನೀರು ಬಿಟ್ಟಾಗಲೆಲ್ಲ ಗೋಕಾಕ, ಮುಧೋಳದ ಕಡೆ ಎರಡು ಬರುತ್ತವೆ. ಒಂದು ಘಟಪ್ರಭೆಯ ನೀರು. ಇನ್ನೊಂದು ‘ಇನ್ನೂ ಎಚ್ಚೆತ್ತದ ಅಧಿಕಾರಿಗಳು’ ಅನ್ನೋ ತಲೆಬರಹ. ಮೊನ್ನೆ ಒಂದು ಮನವಿಪತ್ರದಲ್ಲಿ ‘ಎಚ್ಚೆತ್ತಿಸಬೇಕು’ ಅಂತಲೂ ಓದಿದೆ. ಸಾಕಾಯ್ತು.

ಜಾಸ್ತಿ ಜನ ‘ಎಚ್ಚೆತ್ತು’ ಅನ್ನೋದನ್ನು ಎಚ್ಚರ ಮತ್ತು ಎತ್ತು ಸೇರಿ ಆದ ಪದ ಅಂದುಕೊಂಡಿದ್ದಾರೆ. ಅಲ್ಲ. ಹಳಗನ್ನಡದಲ್ಲಿ ‘ಎಚ್ಚಱು’ ಅಂತ ಒಂದು ಕ್ರಿಯಾಪದವೇ ಇತ್ತು. ಅದಕ್ಕೂ ಹಿಂದಿನ ರೂಪ ‘ಎೞ್ಚಱು’ (ೞ, ಱ ಅಂದರೆ ಈಗಿನ ಳ, ರ ಜಾಗದಲ್ಲಿದ್ದ ಹಳೆಯ ಅಕ್ಷರಗಳು). ಬೇರು ನಮ್ಮ ‘ಏಳು’. ೞ ಮುಂದಿನ ಚ ದಲ್ಲಿ ಕರಗಿ ಚ್ಚ ಆಯಿತು. ಮತ್ತೆ ಕೊನೆಯ ‘ತ್ತು’ ಎಲ್ಲಿಂದ ಬಂತು? ಆ ಱ ನೋಡಿ. ಈಗ ಅದನ್ನು ಯಾರೂ ಬರೆಯುವುದಿಲ್ಲ, ಆದರೆ ಅದರ ಗುರುತು ಹೋಗಿಲ್ಲ. ಹೊರು, ಹೊತ್ತು. ಹೆರು, ಹೆತ್ತು. ತೆರು, ತೆತ್ತು. ಇವೆಲ್ಲ ಒಂದು ಕಾಲದಲ್ಲಿ ಱ ಇದ್ದ ಪದಗಳೇ. ಎಚ್ಚರು, ಎಚ್ಚತ್ತು ಕೂಡ ಅದೇ ಸಾಲು. ಹೌದು, ಹಳೆಯದು ಎಚ್ಚತ್ತು. ನಡುವೆ ‘ಚ್ಚೆ’ ಬಂದದ್ದು ಆಮೇಲೆ, ಬಹುಶಃ ಎತ್ತು ಪದದ ನೆರಳು ಬಿದ್ದು. ಅದು ಬಳಕೆಯಲ್ಲಿ ಕೂತಾಗಿದೆ, ನನ್ನ ತಕರಾರಿಲ್ಲ.

ತಕರಾರು ‘ಎಚ್ಚೆತ್ತದ’ ಬಗ್ಗೆ. ಎಚ್ಚೆತ್ತು ಅನ್ನೋದು ಆಗಿಹೋದ ಕೆಲಸದ ರೂಪ. ಅದಕ್ಕೇ ಬಾಲ ಅಂಟಿಸಿದರೆ ಹೇಗೆ? ಮೂಟೆ ಹೊರದವನನ್ನು ‘ಹೊತ್ತದವನು’ ಅಂತೀವಾ? ದಂಡ ತೆರುವ ಬದಲು ‘ತೆತ್ತುವ’ ಅಂತೀವಾ? ‘ಹೊತ್ತಿಸು’ ಅಂದರಂತೂ ಒಲೆ ಉರಿಯುತ್ತೆ, ಮೂಟೆ ಏಳಲ್ಲ. ಎಚ್ಚೆತ್ತುಕೊಳ್ಳದ ಅನ್ನಿ, ಸರಿಯಾಗುತ್ತೆ. ಬೇರೆಯವರನ್ನಾದರೆ ಎಚ್ಚರಿಸಬೇಕು. ಅದರಲ್ಲಿ ಈಗ ಸ್ವಲ್ಪ ಬೆದರಿಕೆಯ ವಾಸನೆ ಇದೆ. ಬೇಡ ಅಂದರೆ ಸುಮ್ನೆ ಎಬ್ಬಿಸಿ.

ಬಾಗಲಕೋಟೆಯ ನಮ್ಮ ಮನೆಯಲ್ಲಿ ಈ ಗೊಂದಲವೇ ಇರಲಿಲ್ಲ. ನಸುಕಿನಲ್ಲಿ ಅವ್ವ ಕೇಳುತ್ತಿದ್ದದ್ದು ‘ಎಚ್ಚರಾತೇನೋ?’ ಅಂತ. ಹೊಳೆಗೆ ಹೊರಟರೆ ‘ಹುಶಾರಪಾ’. ಈ ಹುಶಾರ್ ಪಾರಸಿಯದು, ಹೋಶ್ ಅಂದರೆ ಪ್ರಜ್ಞೆ. ಬೆಂಗಳೂರಿನ ಕಡೆ ‘ಹುಷಾರಿಲ್ಲ’ ಅಂದರೆ ಜ್ವರವೋ ನೆಗಡಿಯೋ ಇರುತ್ತೆ. ನಮ್ಮ ಕಡೆ ಜ್ವರ ಬಂದವನಿಗೆ ‘ಆರಾಮಿಲ್ಲ’. ‘ಹುಡುಗ ಅಷ್ಟೇನ್ ಹುಶಾರಿಲ್ಲ’ ಅಂದರೆ ಅವನಿಗೆ ಲೆಕ್ಕ ಬರಲ್ಲ ಅಂತ.