ಕುರುಡ ಬಿಷಪ್ ವಿಮಂಡ್: ಸುಳ್ಳುಗಾರನೋ, ವಾರಸುದಾರನೋ?

ಹನ್ನೆರಡನೆಯ ಶತಮಾನದಲ್ಲಿ, ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯ ಬೈಲ್ಯಾಂಡ್ ಮಠದಲ್ಲಿ ಒಬ್ಬ ಕುರುಡ ಬಿಷಪ್ ಇದ್ದ. ಎತ್ತರದ ಆಳು, ಜಟ್ಟಿಯಂಥ ಮೈಕಟ್ಟು. ಅವನ ಕಣ್ಣುಗಳನ್ನು ಶತ್ರುಗಳು ಕಿತ್ತಿದ್ದರು. ಅಲ್ಲಿಗೆ ಹತ್ತಿರದ ನ್ಯೂಬರ್ಗ್ ಮಠದ ವಿಲಿಯಂ ಎಂಬ ಪಾದ್ರಿ ಅವನನ್ನು ಅನೇಕ ಸಲ ಕಂಡ, ಅವನ ಸಾಹಸದ ಕಥೆಗಳನ್ನೂ ಕೇಳಿದ. ಶತಮಾನ ಮುಗಿಯುತ್ತಾ ಬಂದಾಗ ಇಂಗ್ಲೆಂಡಿನ ಚರಿತ್ರೆ ಬರೆಯಲು ಕೂತ ವಿಲಿಯಂ, ಆ ಕಥೆಗೂ ಒಂದಷ್ಟು ಜಾಗ ಕೊಟ್ಟ. ಮ್ಯಾನ್ ದ್ವೀಪದ ಬಿಷಪ್ ವಿಮಂಡ್‌ನ ಬಗ್ಗೆ ಇಂದು ನಮಗೆ ತಿಳಿದಿರುವುದರಲ್ಲಿ ಬಹುಪಾಲು ಬಂದಿರುವುದು ಆ ಪುಟಗಳಿಂದಲೇ.

ವಿಲಿಯಂಗೆ ವಿಮಂಡ್ ಒಬ್ಬ ಮೋಸಗಾರ. ಇತಿಹಾಸಕಾರರಲ್ಲಿ ಬಹಳ ಮಂದಿ ಇದನ್ನು ಒಪ್ಪಿಕೊಂಡೇ ಬಂದರು. ನನಗೆ ಮಾತ್ರ ವಿಲಿಯಂ ಬರೆದ ವಾಕ್ಯಗಳೇ ಅವನ ತೀರ್ಪಿಗೆ ವಿರುದ್ಧ ಸಾಕ್ಷಿ ಹೇಳುತ್ತಿವೆ ಅನ್ನಿಸುತ್ತದೆ.

ವಿಲಿಯಂ ಹೇಳುವಂತೆ ವಿಮಂಡ್ ಹುಟ್ಟಿದ್ದು ಇಂಗ್ಲೆಂಡಿನ ಯಾವುದೋ ಹೆಸರಿಲ್ಲದ ಮೂಲೆಯ ಬಡ ಮನೆಯಲ್ಲಿ. ಅಕ್ಷರ ಕಲಿತ ಮೇಲೆ ಹೊಟ್ಟೆಪಾಡಿಗಾಗಿ ಸನ್ಯಾಸಿಗಳ ಹಳೆಯ ಪತ್ರಗಳನ್ನು ನಕಲು ಮಾಡಿಕೊಡುವ ಕೆಲಸ ಹಿಡಿದ. ಆ ಕಾಲದ ಮಠಗಳ ಪೆಟ್ಟಿಗೆಗಳಲ್ಲಿ ದಾನಪತ್ರಗಳಿಗೆ ಬರವಿರಲಿಲ್ಲ. ಹದ ಮಾಡಿದ ತೊಗಲಿನ ಮೇಲೆ ಗೆರೆ ಎಳೆದುಕೊಂಡು, ಹಕ್ಕಿಯ ಗರಿಯನ್ನು ಮಸಿಯಲ್ಲಿ ಅದ್ದಿ, ಯಾವ ಒಡೆಯ ಯಾವ ಹಳ್ಳದಿಂದ ಯಾವ ಮೋರಿಯವರೆಗಿನ ನೆಲವನ್ನು ಯಾರಿಗೆ ಕೊಟ್ಟ, ಸಾಕ್ಷಿಗೆ ಯಾರಿದ್ದರು ಎಂದು ಬರೆಯುತ್ತಾ ಹೋಗಬೇಕು. ಅಂಥ ಪತ್ರಗಳೂ ವಿಮಂಡ್‌ನ ಕೈದಾಟಿ ಹೋಗಿರಬೇಕು. ಯಾರ ನೆಲ ಯಾರ ಪಾಲಾಯಿತು ಎಂಬುದನ್ನು ಅವನು ಎಳೆಯ ವಯಸ್ಸಿನಲ್ಲೇ ಓದಿಕೊಂಡಿದ್ದ ಎಂದು ನಾನು ಊಹಿಸುತ್ತೇನೆ.

ಮುಂದೆ ಅವನು ಫರ್ನೆಸ್ ಮಠದಲ್ಲಿ ತಲೆ ಬೋಳಿಸಿಕೊಂಡು ಸನ್ಯಾಸಿಯಾದ. ಇಂಗ್ಲೆಂಡಿನ ವಾಯವ್ಯದಲ್ಲಿ, ಐರಿಷ್ ಸಮುದ್ರದ ದಂಡೆಯ ಈ ಮಠ ಫ್ರಾನ್ಸಿನ ಸವಿನಿ ಪಂಥಕ್ಕೆ ಸೇರಿದ್ದು. 1124ರಲ್ಲಿ ಬೇರೊಂದು ಊರಿನಲ್ಲಿ ಆರಂಭವಾಗಿ 1127ರಲ್ಲಿ ಫರ್ನೆಸ್‌ಗೆ ಬಂದಿತ್ತು. ಪುಸ್ತಕಗಳು ಕೈಗೆ ಸಿಕ್ಕವು, ಬಿಡುವು ಸಿಕ್ಕಿತು, ಬುದ್ಧಿ ಚುರುಕಾಗಿತ್ತು, ಮಾತು ಸೊಗಸಾಗಿತ್ತು. ವಿಮಂಡ್ ಬೇಗನೆ ಮೇಲೆ ಬಂದ.

ಆ ದಂಡೆಯಿಂದಾಚೆ, ಬ್ರಿಟನ್ನಿಗೂ ಐರ್ಲೆಂಡಿಗೂ ನಡುವೆ ಇರುವುದು ಮ್ಯಾನ್ ದ್ವೀಪ. ಅದನ್ನೂ ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳನ್ನೂ ಆಗ ಆಳುತ್ತಿದ್ದವನು ನಾರ್ವೆ ಮೂಲದ ರಾಜ ಓಲಾಫ್. ಚಿಕ್ಕಂದಿನಲ್ಲಿ ಇಂಗ್ಲೆಂಡಿನ ಒಂದನೆಯ ಹೆನ್ರಿಯ ಆಸ್ಥಾನದಲ್ಲಿ ಬೆಳೆದವನಾದ್ದರಿಂದ ಅಲ್ಲಿನ ಚರ್ಚಿನ ರೀತಿನೀತಿ ಅವನಿಗೆ ಹಿಡಿಸಿತ್ತು. 1134ರಲ್ಲಿ ಅವನು ಮ್ಯಾನ್‌ನ ರಷೆನ್ ಎಂಬಲ್ಲಿ ಮಠ ಕಟ್ಟಲು ಫರ್ನೆಸ್‌ಗೆ ಜಮೀನು ಬರೆದುಕೊಟ್ಟ. ಅದರ ಜೊತೆಗೆ ದ್ವೀಪಗಳಿಗೆ ಬಿಷಪ್‌ನನ್ನು ಆರಿಸುವ ಹಕ್ಕನ್ನೂ ಕೊಟ್ಟುಬಿಟ್ಟ. ಸಮುದ್ರದಾಚೆಯ ಒಂದು ಮಠ ಇನ್ನೊಂದು ರಾಜ್ಯದ ಧರ್ಮಗುರುವನ್ನು ಆರಿಸುವುದು ವಿಚಿತ್ರವಾಗಿ ಕಾಣಬಹುದು. ಆದರೆ ದ್ವೀಪಗಳ ಆ ಪೀಠಕ್ಕೆ ಗಟ್ಟಿ ಬೇರು ಇನ್ನೂ ಇಳಿದಿರಲಿಲ್ಲ, ನಾರ್ವೆ ದೂರ, ಬಿಷಪ್‌ಗಳ ಮೇಲಿನವನಾದ ಆರ್ಚ್‌ಬಿಷಪ್ ಇದ್ದ ಇಂಗ್ಲೆಂಡಿನ ಯಾರ್ಕ್ ಹತ್ತಿರ. ಸ್ಕಾಟ್ಲೆಂಡಿನ ರಾಜನ ಕೈ ತನ್ನ ದ್ವೀಪಗಳವರೆಗೆ ಚಾಚಬಾರದು ಎಂಬ ಎಚ್ಚರವೂ ಓಲಾಫ್‌ಗೆ ಇದ್ದಿರಬೇಕು.

ರಷೆನ್‌ಗೆ ಹೊರಟ ಸನ್ಯಾಸಿಗಳ ಜೊತೆ ವಿಮಂಡ್ ಹೋದ. ಅವನ ಸವಿಮಾತಿಗೂ ನಗುಮುಖಕ್ಕೂ ನಿಲುವಿಗೂ ದ್ವೀಪದ ಜನ ಎಷ್ಟು ಮರುಳಾದರೆಂದರೆ, ನಮಗೆ ಇವನೇ ಬಿಷಪ್ ಆಗಬೇಕೆಂದು ಪಟ್ಟು ಹಿಡಿದರು. ಅವನು ಯಾರ್ಕಿನ ಆರ್ಚ್‌ಬಿಷಪ್ ಥರ್ಸ್ಟನ್‌ನ ಮುಂದೆ ವಿಧೇಯತೆಯ ಪ್ರಮಾಣ ಮಾಡಿದ. ಥರ್ಸ್ಟನ್ ತೀರಿಕೊಂಡದ್ದು 1140ರಲ್ಲಿ, ಆದ್ದರಿಂದ ಅಷ್ಟರೊಳಗೆ ವಿಮಂಡ್ ಪೀಠ ಏರಿದ್ದ. ಕೂಲಿಗೆ ಪತ್ರ ಬರೆಯುತ್ತಿದ್ದ ಹುಡುಗ ಬಿಷಪ್ ಆಗಿದ್ದ.

ಅಲ್ಲಿಗೇ ನಿಂತಿದ್ದರೆ ಅವನ ಹೆಸರು ಒಂದು ಪಟ್ಟಿಯಲ್ಲಿ ಉಳಿದು ಮರೆಯಾಗುತ್ತಿತ್ತು. ಆದರೆ ಒಂದು ದಿನ ವಿಮಂಡ್, ತಾನು ಮೊರೆ ಸೀಮೆಯ ಅರ್ಲ್‌ನ, ಅಂದರೆ ಒಡೆಯನ ಮಗ, ಸ್ಕಾಟರ ರಾಜ ತನ್ನ ಪಿತ್ರಾರ್ಜಿತವನ್ನು ಕಿತ್ತುಕೊಂಡಿದ್ದಾನೆ ಎಂದು ಸಾರಿದ.

ಈ ಮಾತಿನ ತೂಕ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೊರೆ ಸ್ಕಾಟ್ಲೆಂಡಿನ ಉತ್ತರದ ನಾಡು. 1057ರಲ್ಲಿ ಸತ್ತ ರಾಜ ಮ್ಯಾಕ್‌ಬೆತ್ ಆ ನಾಡಿನವನು. ಅವನ ನಂತರ ಕೆಲವೇ ತಿಂಗಳು ಆಳಿದ ಅವನ ಮಲಮಗ ಲೂಲಕ್ 1058ರಲ್ಲಿ ಹತನಾದ. ಲೂಲಕ್‌ನ ಮಗಳ ಮಗ ಅಂಗಸ್ ಮೊರೆಯ ಒಡೆಯನಾಗಿದ್ದ. 1130ರಲ್ಲಿ ರಾಜ ಒಂದನೆಯ ಡೇವಿಡ್ ಇಂಗ್ಲೆಂಡಿನಲ್ಲಿದ್ದಾಗ ಅಂಗಸ್ ದಂಗೆಯೆದ್ದು ಸ್ಟ್ರಕಾತ್ರೊದ ಕಾಳಗದಲ್ಲಿ ಸತ್ತ, ಡೇವಿಡ್ ಮೊರೆಯನ್ನು ನುಂಗಿದ. ಹಾಗಾಗಿ ವಿಮಂಡ್ ಕೇಳುತ್ತಿದ್ದುದು ಬರೀ ಒಂದು ಸೀಮೆಯ ಜಮೀನನ್ನಲ್ಲ. ಆ ವಂಶದ ಹಕ್ಕು ಸಿಂಹಾಸನದವರೆಗೂ ಹೋಗುತ್ತಿತ್ತು.

ಹಡಗುಗಳು ಸೇರಿದವು, ಆಳುಗಳು ಸೇರಿದರು. ಬಿಷಪ್ ಸ್ಕಾಟ್ಲೆಂಡಿನ ಕರಾವಳಿಯನ್ನು ಸುಲಿಯತೊಡಗಿದ. ರಾಜನ ದಂಡು ಬಂದರೆ ಕಾಡಿನೊಳಕ್ಕೋ ಕಡಲಿಗೋ ಜಾರಿಕೊಳ್ಳುವುದು, ದಂಡು ತಿರುಗಿದರೆ ಮತ್ತೆ ಬಂದು ಎರಗುವುದು. ಡೇವಿಡ್‌ಗೆ ಅವನನ್ನು ಹಿಡಿಯಲಾಗಲಿಲ್ಲ. ತಡೆದವನು ಇನ್ನೊಬ್ಬ ಬಿಷಪ್, ವಿಲಿಯಂ ಹೇಳುವಂತೆ ತೀರ ಸರಳ ಮನುಷ್ಯ. ಕಪ್ಪ ಕೊಡದಿದ್ದರೆ ಯುದ್ಧ ಎಂದು ವಿಮಂಡ್ ಬೆದರಿಸಿದಾಗ ಅವನು, ಒಬ್ಬ ಬಿಷಪ್ ಇನ್ನೊಬ್ಬನಿಗೆ ಕಪ್ಪ ಕೊಟ್ಟ ಎಂಬ ಮೇಲ್ಪಂಕ್ತಿ ನನ್ನಿಂದ ಆಗಬಾರದು ಎಂದು ಉತ್ತರ ಕಳಿಸಿದ. ತನ್ನ ಜನರನ್ನು ಕಟ್ಟಿಕೊಂಡು ಎದುರಿಗೆ ಬಂದ. ಮೊದಲ ಏಟು ಅವನದೇ. ಕೈಲಿದ್ದ ಚಿಕ್ಕ ಕೊಡಲಿಯನ್ನು ಬೀಸಿ ಎಸೆದ. ದಂಡಿನ ಮುಂಚೂಣಿಯಲ್ಲಿ ಬರುತ್ತಿದ್ದ ವಿಮಂಡ್ ನೆಲಕ್ಕೆ ಬಿದ್ದ. ಮುಂದೆ ಗೆಳೆಯರ ನಡುವೆ ಅವನು, ತನ್ನನ್ನು ಸೋಲಿಸಲು ದೇವರೊಬ್ಬನಿಗೇ ಸಾಧ್ಯವಾಯಿತು, ಅದೂ ಒಬ್ಬ ಸರಳ ಬಿಷಪ್‌ನ ನಂಬಿಕೆಯ ಮೂಲಕ ಎಂದು ಹೇಳಿಕೊಳ್ಳುತ್ತಿದ್ದನಂತೆ.

ಗಾಯ ಮಾಯಿತು, ಸುಲಿಗೆ ಮತ್ತೆ ಶುರುವಾಯಿತು. ಕೊನೆಗೆ ಡೇವಿಡ್ ರಾಜಿಗೆ ಬಂದು ಅವನಿಗೆ ಒಂದು ಸೀಮೆಯನ್ನೂ ಫರ್ನೆಸ್ ಮಠವನ್ನೂ ಬಿಟ್ಟುಕೊಟ್ಟ. ಡೇವಿಡ್‌ನ ಆಳ್ವಿಕೆ ಆಗ ಇಂಗ್ಲೆಂಡಿನ ವಾಯವ್ಯದವರೆಗೆ ಹಬ್ಬಿತ್ತು. ತನ್ನನ್ನು ಸಾಕಿದ ಮಠದ ಮೇಲೆಯೇ ವಿಮಂಡ್ ಒಡೆಯನಾಗಿ ಕೂತ, ಅದನ್ನೇ ಹಿಂಡಿದ. ಇದನ್ನು ನಾನು ಸಮರ್ಥಿಸಲಾರೆ. ಹಕ್ಕು ನಿಜವಿದ್ದವನೂ ಕ್ರೂರಿಯಾಗಿರಬಹುದು.

ಜನ ಬೇಸತ್ತರು. ಒಂದು ದಿನ ಅವನು ಸೈನ್ಯವನ್ನು ಮುಂದೆ ಕಳಿಸಿ, ಕೆಲವೇ ಕಾವಲಿನವರೊಡನೆ ಹಿಂದೆ ನಿಧಾನವಾಗಿ ಬರುತ್ತಿದ್ದ. ಹೊಂಚುಹಾಕಿದ್ದವರು ಹಿಡಿದು ಕಟ್ಟಿದರು. ಅದಕ್ಕೆ ಊರಿನ ಮುಖಂಡರ ಒಪ್ಪಿಗೆಯೂ ಇತ್ತು. ಎರಡೂ ಕಣ್ಣು ಕಿತ್ತರು, ಬೀಜ ಒಡೆದರು. ಇದು ಸ್ವರ್ಗದ ರಾಜ್ಯಕ್ಕಾಗಿ ಅಲ್ಲ, ಸ್ಕಾಟರ ರಾಜ್ಯದ ಶಾಂತಿಗಾಗಿ ಎಂದು ವಿಲಿಯಂ ಬರೆಯುತ್ತಾನೆ.

ನಾನು ಪ್ರತಿ ಸಲ ತಡೆದು ನಿಲ್ಲುವುದು ಈ ವಾಕ್ಯದ ಬಳಿ. ಸುಲಿಗೆಕೋರನನ್ನು ನೇಣಿಗೆ ಹಾಕುತ್ತಾರೆ. ಕಣ್ಣು ಕೀಳುವುದು ಆ ನಾಡಿನಲ್ಲಿ ಪಟ್ಟಕ್ಕೆ ಹಕ್ಕಿದ್ದವರಿಗೆ ಕೊಡುತ್ತಿದ್ದ ಶಿಕ್ಷೆಗಳಲ್ಲೊಂದು. ಡೇವಿಡ್‌ನ ಚಿಕ್ಕಪ್ಪ, ರಾಜ ಮೂರನೆಯ ಡೊನಾಲ್ಡ್‌ನ ಕಣ್ಣು ಕೀಳಿಸಿದವನು ಡೇವಿಡ್‌ನ ಅಣ್ಣ ಎಡ್ಗರ್. ಬೀಜ ಒಡೆಯುವುದಂತೂ ಹುಟ್ಟಬಹುದಾದ ಮಕ್ಕಳಿಗೆ ಅಂಜಿ ಮಾಡುವ ಕೆಲಸ. ಯಾವುದೋ ಬಡವನ ಮಗನ ಸಂತತಿಗೆ ಒಂದು ರಾಜ್ಯದ ಶಾಂತಿ ಏಕೆ ಹೆದರಬೇಕು? ಅದಕ್ಕೂ ಮೊದಲು ಡೇವಿಡ್ ಅವನಿಗೆ ಒಂದು ಸೀಮೆಯನ್ನೇ ಬಿಟ್ಟುಕೊಟ್ಟಿದ್ದ. ದುಡ್ಡು ಕೊಟ್ಟು ದಾಳಿಕೋರರ ಬಾಯಿ ಮುಚ್ಚಿಸಿದ ರಾಜರಿದ್ದಾರೆ, ನಿಜ. ಆದರೆ ದುಡ್ಡು ಬೇರೆ, ನಾಡು ಬೇರೆ.

ವಿಲಿಯಂ ಸುಳ್ಳು ಹೇಳುವವನಲ್ಲ. ಆರ್ಥರ್ ರಾಜನ ಕಥೆಗಳೆಲ್ಲ ಕಟ್ಟುಕಥೆ ಎಂದು ಗ್ರಂಥದ ಆರಂಭದಲ್ಲೇ ಕಟುವಾಗಿ ಬರೆದವನು ಅವನು. ಹುಸಿ ಎಂದರೆ ಅವನಿಗೆ ಆಗದು, ಅದಕ್ಕೇ ವಿಮಂಡ್‌ನಲ್ಲೂ ಮೊದಲು ಹುಸಿಯೇ ಕಂಡಿತು. ಮುಂದೆ ಹದಿನಾಲ್ಕನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಚರಿತ್ರೆ ಬರೆದ ಜಾನ್ ಫೋರ್ಡನ್ ವಿಮಂಡ್‌ನನ್ನು ಮ್ಯಾಲ್ಕಮ್ ಮ್ಯಾಕ್‌ಹೆತ್ ಎಂಬ ಇನ್ನೊಬ್ಬ ಬಂಡಾಯಗಾರನೊಂದಿಗೆ ಕಲಸಿಬಿಟ್ಟ, ಗೋಜಲು ಬಹುಕಾಲ ಉಳಿಯಿತು. ಈಚಿನ ಕೆಲವು ವಿದ್ವಾಂಸರು ವಿಮಂಡ್‌ನ ತಂದೆ ಅಂಗಸ್ ಆಗಿರಲಾರ, ಡೇವಿಡ್‌ನ ಅಣ್ಣನ ಮಗ ವಿಲಿಯಂ ಫಿಟ್ಸ್‌ಡಂಕನ್ ಆಗಿರಬಹುದು ಎನ್ನುತ್ತಾರೆ. ಹಾಗಿದ್ದರೆ ಅವನಲ್ಲಿ ಹರಿದದ್ದು ರಾಜಮನೆತನದ್ದೇ ರಕ್ತ.

ಫ್ರಾನ್ಸಿನ ರಾಬರ್ಟ್ ಆಫ್ ಟೊರಿನಿಯ ವಾರ್ಷಿಕ ಬರಹದಲ್ಲಿ 1151ರಡಿ ಒಂದು ಚುಟುಕು ಉಲ್ಲೇಖವಿದೆ: ಫ್ರಾನ್ಸಿನ ಸೇ ಎಂಬ ಊರಿನ ಸನ್ಯಾಸಿ ಜಾನ್ ಮ್ಯಾನ್‌ನ ಎರಡನೆಯ ಬಿಷಪ್ ಆದ, ಮೊದಲನೆಯವನು ಸವಿನಿಯ ಸನ್ಯಾಸಿ ವಿಮಂಡ್, ಅವನ ಉಪಟಳ ತಾಳದೆ ಕಣ್ಣು ಕಿತ್ತು ಓಡಿಸಿದರು. 1153ರಲ್ಲಿ ಡೇವಿಡ್ ತೀರಿಕೊಂಡ, ಅದೇ ವರ್ಷ ಓಲಾಫ್‌ನನ್ನು ಅವನ ಅಣ್ಣನ ಮಕ್ಕಳು ಕೊಂದರು. ದ್ವೀಪಗಳ ಪೀಠ ನಾರ್ವೆಯ ಟ್ರೊಂಡ್‌ಹೈಮ್‌ನ ಆರ್ಚ್‌ಬಿಷಪ್‌ನ ಕೆಳಗೆ ಹೋಯಿತು. ಆದರೂ ಫರ್ನೆಸ್ ತನ್ನ ಆಯ್ಕೆಯ ಹಕ್ಕನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಆ ಧರ್ಮಪ್ರಾಂತ್ಯದ ಹೆಸರು ಇಂದಿಗೂ 'ಸೋಡರ್ ಮತ್ತು ಮ್ಯಾನ್'. ನಾರ್ವೆಯವರು ದಕ್ಷಿಣದ ದ್ವೀಪಗಳೆಂದು ಕರೆದ ಪದವೇ ಸವೆದು ಸೋಡರ್ ಆಗಿದೆ, ಆ ದ್ವೀಪಗಳು ಮಾತ್ರ ಅದರಲ್ಲಿ ಈಗಿಲ್ಲ.

ಬೈಲ್ಯಾಂಡ್ ಕೂಡ ಫರ್ನೆಸ್‌ನ ಟಿಸಿಲೇ, ಅಲ್ಲಿಂದ ಹೊರಟ ಸನ್ಯಾಸಿಗಳು ಕಟ್ಟಿದ ಮಠ. ತಾನು ಹಿಂಡಿದವರ ಬಳಗದಲ್ಲೇ ಕುರುಡನಿಗೆ ಅನ್ನ, ನೆರಳು ಸಿಕ್ಕವು. ಸಾಯುವವರೆಗೂ ಅಲ್ಲೇ ಇದ್ದ. ಬಂದವರಿಗೆ ನಗುನಗುತ್ತಾ ಕಥೆ ಹೇಳುತ್ತಿದ್ದ. ಗುಬ್ಬಿಯ ಕಣ್ಣಿನಷ್ಟು ದೃಷ್ಟಿ ತನಗೆ ಉಳಿದಿದ್ದರೂ ಶತ್ರುಗಳು ಹಿಗ್ಗುವಂತಿರಲಿಲ್ಲ ಎನ್ನುತ್ತಿದ್ದನಂತೆ. ತಾನು ಸುಳ್ಳು ಹೇಳಿದ್ದೆ ಎಂದು ಅವನು ಒಪ್ಪಿಕೊಂಡದ್ದನ್ನು ವಿಲಿಯಂ ಎಲ್ಲೂ ಬರೆದಿಲ್ಲ.