ಬೆಟಿಟಾ ಮಾರ್ಟಿನೆಜ್: ನ್ಯೂ ಮೆಕ್ಸಿಕೊದ ಹೊಲದಿಂದ ವಿಯೆಟ್ನಾಂವರೆಗೆ

ಮೆಕ್ಸಿಕೊ ಮೂಲದ ಅಮೆರಿಕನ್ನರ ಚಿಕಾನೊ ಚಳವಳಿ ಅಂದ ಕೂಡಲೇ ಹೆಚ್ಚಿನವರು ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್ ಹೆಸರು ಹೇಳುತ್ತಾರೆ. ಕ್ಯಾಲಿಫೋರ್ನಿಯಾದ ದ್ರಾಕ್ಷಿ ತೋಟದ ಮುಷ್ಕರದ ಬಗ್ಗೆ ಎರಡು ಪ್ಯಾರಾ ಬರೆದು ಮುಗಿಸುತ್ತಾರೆ. ಅದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಇದು ಅಮೆರಿಕದೊಳಗಿನ ಒಂದು ಸಮುದಾಯದ ಹಕ್ಕಿನ ಹೋರಾಟ ಮಾತ್ರ ಅನ್ನಿಸಿಬಿಡುತ್ತದೆ. ಈ ಚಳವಳಿಯಲ್ಲಿ ಕ್ಯೂಬಾದ ಮಾತಿತ್ತು, ವಿಯೆಟ್ನಾಂನ ಮಾತಿತ್ತು, ಕಪ್ಪು ಜನರ ಜೊತೆಗಿನ ಒಡನಾಟವಿತ್ತು. ಇವೆಲ್ಲವನ್ನೂ ಒಬ್ಬರ ಬದುಕಿನಲ್ಲೇ ನೋಡಬೇಕಾದರೆ ಎಲಿಜಬೆತ್ ಮಾರ್ಟಿನೆಜ್ ಅವರ ಕಡೆ ಹೋಗಬೇಕು. ಎಲ್ಲರೂ ಅವರನ್ನು ಬೆಟಿಟಾ ಎಂದೇ ಕರೆಯುತ್ತಿದ್ದರು.

ಮೊದಲು ಸ್ವಲ್ಪ ಹಿನ್ನೆಲೆ. ಚಿಕಾನೊ ಜನರೆಲ್ಲ ವಲಸೆ ಬಂದವರೇ ಅಂದುಕೊಳ್ಳಬೇಡಿ. 1846ರಿಂದ 48ರವರೆಗೆ ನಡೆದ ಯುದ್ಧದಲ್ಲಿ ಅಮೆರಿಕ ಗೆದ್ದಿತು, ಮೆಕ್ಸಿಕೊದ ಉತ್ತರ ಭಾಗ ಅದರ ಕೈಸೇರಿತು. ಅಲ್ಲಿದ್ದ ಜನ ಕೂತಲ್ಲೇ ಬೇರೆ ದೇಶದವರಾದರು. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ ಅವರ ಆಸ್ತಿಗೆ ರಕ್ಷಣೆ ಕೊಡುತ್ತೇವೆ ಎಂದಿತ್ತು. ಆದರೂ ನ್ಯೂ ಮೆಕ್ಸಿಕೊದ ಹಳ್ಳಿಗಳಲ್ಲಿ ದನ ಮೇಯಿಸಲು, ಸೌದೆ ತರಲು ಊರೆಲ್ಲ ಒಟ್ಟಿಗೆ ಬಳಸುತ್ತಿದ್ದ ಜಮೀನು ಮುಂದೆ ಒಂದೊಂದಾಗಿ ವಕೀಲರ, ದೊಡ್ಡ ಜಮೀನ್ದಾರರ, ಕೊನೆಗೆ ಸರ್ಕಾರಿ ಅರಣ್ಯದ ಪಾಲಾಯಿತು. ಈ ಜಮೀನಿನ ವಿಚಾರ ನೆನಪಿಟ್ಟುಕೊಳ್ಳಿ. ಬೆಟಿಟಾ ಅವರ ಅಂತರರಾಷ್ಟ್ರೀಯ ನಿಲುವು ಅರ್ಥವಾಗುವುದು ಇಲ್ಲಿಂದಲೇ.

ಅವರು ಹುಟ್ಟಿದ್ದು 1925ರಲ್ಲಿ, ವಾಷಿಂಗ್ಟನ್‌ನಲ್ಲಿ. ಅಪ್ಪ ಮೆಕ್ಸಿಕೊದವರು, ಅಮ್ಮ ಬಿಳಿಯ ಅಮೆರಿಕನ್. 1946ರಲ್ಲಿ ಸ್ವಾರ್ಥ್‌ಮೋರ್ ಕಾಲೇಜಿನಲ್ಲಿ ಪದವಿ ಮುಗಿಸಿ ವಿಶ್ವಸಂಸ್ಥೆಯಲ್ಲಿ ಸಂಶೋಧಕಿಯಾಗಿ ಸೇರಿದರು. ಅಲ್ಲಿ ಅವರ ಕೆಲಸ ವಸಾಹತುಗಳ ಸ್ಥಿತಿಗತಿ ಕುರಿತದ್ದು. ಆಮೇಲೆ ನ್ಯೂಯಾರ್ಕ್‌ನ ಪ್ರಕಾಶನ ಲೋಕದಲ್ಲಿ ಸಂಪಾದಕಿಯಾದರು. ಆಗ ಅವರು ಬಳಸುತ್ತಿದ್ದ ಹೆಸರು ಎಲಿಜಬೆತ್ ಸದರ್‌ಲೆಂಡ್. ಹಳೆಯ ಬರಹಗಳನ್ನು ಹುಡುಕುವವರು ಈ ಹೆಸರನ್ನೂ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಅರ್ಧಕ್ಕರ್ಧ ಕೈತಪ್ಪುತ್ತದೆ.

1959ರಲ್ಲಿ, ಕ್ರಾಂತಿಯಾದ ಕೆಲವೇ ತಿಂಗಳಲ್ಲಿ, ಕ್ಯೂಬಾಕ್ಕೆ ಹೋದರು. ಮತ್ತೆ ಮತ್ತೆ ಹೋದರು. 1969ರಲ್ಲಿ ಅದರ ಬಗ್ಗೆ ಒಂದು ಪುಸ್ತಕವೂ ಬಂತು. ಇದರ ನಡುವೆ ಕಪ್ಪು ವಿದ್ಯಾರ್ಥಿಗಳ ಹೋರಾಟದ ಸಂಘಟನೆಯಾದ ಎಸ್‌ಎನ್‌ಸಿಸಿಗೆ ಪೂರ್ತಿ ದುಡಿದರು, ಅದರ ನ್ಯೂಯಾರ್ಕ್ ಕಚೇರಿಯನ್ನು ನೋಡಿಕೊಂಡರು. 1964ರ ಬೇಸಿಗೆಯಲ್ಲಿ ಕಪ್ಪು ಜನರನ್ನು ಮತದಾರರ ಪಟ್ಟಿಗೆ ಸೇರಿಸಲು ಮಿಸಿಸಿಪ್ಪಿ ರಾಜ್ಯಕ್ಕೆ ಹೋದ ಸ್ವಯಂಸೇವಕರು ಮನೆಗೆ ಬರೆದ ಪತ್ರಗಳನ್ನು ಸೇರಿಸಿ ಪುಸ್ತಕ ಮಾಡಿದವರು ಇವರೇ. ಆ ಸಂಘಟನೆಯಲ್ಲಿ ಕೆಲಸ ಮಾಡಿದ ಲ್ಯಾಟಿನ್ ಮೂಲದ ಹೆಂಗಸರು ಬೆರಳೆಣಿಕೆಯಷ್ಟು. 1966ರ ಕೊನೆಗೆ ಸಂಘಟನೆ ಬಿಳಿಯರು ಹೊರಗುಳಿಯಲಿ ಎಂಬ ನಿಲುವಿಗೆ ಬಂದಾಗ ಅವರಿಗೊಂದು ಕಷ್ಟದ ಪ್ರಶ್ನೆ ಎದುರಾಯಿತು. ಕಪ್ಪೂ ಅಲ್ಲ, ಬಿಳಿಯೂ ಅಲ್ಲ, ಹಾಗಾದರೆ ನನ್ನ ಜಾಗ ಎಲ್ಲಿ?

ಉತ್ತರ ಸಿಕ್ಕಿದ್ದು ನ್ಯೂ ಮೆಕ್ಸಿಕೊದಲ್ಲಿ. ಅಲ್ಲಿ ರೇಯೆಸ್ ಲೋಪೆಜ್ ತಿಹೆರಿನಾ ಕಳೆದುಹೋದ ಜಮೀನಿಗಾಗಿ ಜನರನ್ನು ಕಟ್ಟಿದ್ದರು. 1967ರ ಜೂನ್ 5ರಂದು ಅವರ ಕಡೆಯವರು ಬಂದೂಕು ಹಿಡಿದು ತಿಯೆರಾ ಅಮರಿಯಾ ಎಂಬ ಊರಿನ ಕೋರ್ಟಿಗೆ ನುಗ್ಗಿದ್ದು ಇಡೀ ದೇಶದಲ್ಲಿ ಸುದ್ದಿಯಾಗಿತ್ತು. ಮಾರನೇ ವರ್ಷ ಬೆಟಿಟಾ ನ್ಯೂಯಾರ್ಕ್ ಬಿಟ್ಟು ಎಸ್ಪನ್ಯೋಲಾ ಎಂಬ ಸಣ್ಣ ಊರಿಗೆ ಬಂದರು. ವಕೀಲೆ ಬೆವರ್ಲಿ ಆಕ್ಸೆಲ್‌ರಾಡ್ ಜೊತೆ ಸೇರಿ 'ಎಲ್ ಗ್ರಿತೊ ದೆಲ್ ನೋರ್ತೆ' ಎಂಬ ಪತ್ರಿಕೆ ಶುರು ಮಾಡಿದರು. 1973ರವರೆಗೆ ನಡೆದ ಈ ಪತ್ರಿಕೆಯ ಕೆಲಸವನ್ನು ಬಹುಪಾಲು ಹೊತ್ತವರು ಹೆಂಗಸರು.

ನನಗೆ ಅವರ ಇಡೀ ಬದುಕಿನಲ್ಲಿ ಬಹಳ ಮುಖ್ಯ ಅನ್ನಿಸುವುದು ಈ ಪತ್ರಿಕೆ. ಊರಿನ ಜಮೀನು ತಕರಾರು ಬರೆದ ಪತ್ರಿಕೆಯಲ್ಲೇ ಕ್ಯೂಬಾ, ವಿಯೆಟ್ನಾಂ ಸುದ್ದಿಯೂ ಬರುತ್ತಿತ್ತು. 1970ರಲ್ಲಿ ಬೆಟಿಟಾ ಉತ್ತರ ವಿಯೆಟ್ನಾಂಗೆ ಹೋಗಿಬಂದರು. ಅಮೆರಿಕದ ಬಾಂಬುಗಳಿಂದ ನಲುಗಿದ್ದ ದೇಶವದು. ಹಿಂತಿರುಗಿ ಬರೆದಾಗ ಅವರು ಸಿದ್ಧಾಂತದಿಂದ ಶುರು ಮಾಡಲಿಲ್ಲ. ಅಲ್ಲೂ ನಮ್ಮಲ್ಲಿರುವ ಹಾಗೆ ಬೆಟ್ಟ, ಕಣಿವೆಗಳಿವೆ, ಅಲ್ಲಿಯವರೂ ತಮ್ಮ ನೆಲವನ್ನು ಪ್ರೀತಿಸುವ ರೈತರು ಎಂದು ಬರೆದರು. ಓದುವವರು ಯಾರು? ನ್ಯೂ ಮೆಕ್ಸಿಕೊದ ಹಳ್ಳಿಯವರು. ಅವರ ಮಕ್ಕಳೇ ಸೈನ್ಯ ಸೇರಿ ಆ ದೇಶಕ್ಕೆ ಹೋಗುತ್ತಿದ್ದರು. ನೆಲ ಕಳೆದುಕೊಂಡವರ ಮಗನನ್ನು ಇನ್ನೊಬ್ಬ ರೈತನ ನೆಲಕ್ಕೆ ಬಂದೂಕು ಕೊಟ್ಟು ಕಳಿಸುವುದು ಎಂಥ ಅನ್ಯಾಯ, ಅಲ್ವಾ? ಈ ಮಾತನ್ನು ಹಳ್ಳಿಯ ಅಪ್ಪ ಅಮ್ಮಂದಿರಿಗೆ ಅರ್ಥವಾಗುವ ಹಾಗೆ ಹೇಳಿದ್ದು ಆ ಬರಹದ ಶಕ್ತಿ. ಪರದೇಶದವರ ಮೇಲಿನ ಕನಿಕರ ಒಂದು, ಅವರ ಕಷ್ಟಕ್ಕೂ ನಮ್ಮ ಕಷ್ಟಕ್ಕೂ ಬೇರು ಒಂದೇ ಎಂದು ತಿಳಿಯುವುದು ಇನ್ನೊಂದು. ಬೆಟಿಟಾ ಮಾಡಿದ್ದು ಎರಡನೆಯದು.

ಅದೇ ವರ್ಷದ ಆಗಸ್ಟ್ 29ರಂದು ಪೂರ್ವ ಲಾಸ್ ಏಂಜಲಿಸ್‌ನಲ್ಲಿ 20,000ಕ್ಕೂ ಹೆಚ್ಚು ಚಿಕಾನೊ ಜನ ಯುದ್ಧದ ವಿರುದ್ಧ ಮೆರವಣಿಗೆ ಮಾಡಿದರು. ಪೊಲೀಸರು ನುಗ್ಗಿದರು. ಅವರು ಹಾರಿಸಿದ ಅಶ್ರುವಾಯು ಶೆಲ್ ತಲೆಗೆ ಬಡಿದು ಪತ್ರಕರ್ತ ರೂಬೆನ್ ಸಲಾಜಾರ್ ಸತ್ತರು. ಹಾಗಾಗಿ ಬೆಟಿಟಾ ಅವರದ್ದು ಒಂಟಿ ದನಿಯೇನಲ್ಲ.

1976ರ ಹೊತ್ತಿಗೆ ಅವರು ಸ್ಯಾನ್ ಫ್ರಾನ್ಸಿಸ್ಕೊ ಕಡೆ ಹೋಗಿ ಡೆಮಾಕ್ರಟಿಕ್ ವರ್ಕರ್ಸ್ ಪಾರ್ಟಿ ಎಂಬ ಮಾರ್ಕ್ಸ್‌ವಾದಿ ಪಕ್ಷ ಸೇರಿದರು. ಹೆಣ್ಣುಮಕ್ಕಳ ಮುಂದಾಳತ್ವದ ಪಕ್ಷ ಎಂಬುದು ಅದರ ಹೆಮ್ಮೆ. ಆದರೆ ಒಳಗೆ ಒಬ್ಬ ನಾಯಕಿಯ ಮಾತೇ ಕೊನೆ, ಶಿಸ್ತಿನ ಹೆಸರಿನಲ್ಲಿ ಸದಸ್ಯರ ಬದುಕೆಲ್ಲ ಪಕ್ಷದ ಹಿಡಿತಕ್ಕೆ ಹೋಗಿತ್ತು. 1980ರ ದಶಕದ ಮಧ್ಯದಲ್ಲಿ ಸದಸ್ಯರೇ ಆ ನಾಯಕಿಯನ್ನು ಹೊರಹಾಕಿದರು, ಪಕ್ಷ ಒಡೆದುಹೋಯಿತು. ಈ ಭಾಗವನ್ನು ಟಿಪ್ಪಣಿಯಿಂದ ಬಿಡಬೇಡಿ. ಎಡ ಚಳವಳಿಯ ಚರಿತ್ರೆ ಬರೆಯುವಾಗ ಇಂಥವನ್ನು ಮುಚ್ಚಿಟ್ಟರೆ ಅದು ಹೊಗಳಿಕೆ ಆಗುತ್ತದೆ, ಅಧ್ಯಯನ ಆಗುವುದಿಲ್ಲ. ನಡುವೆ 1982ರಲ್ಲಿ ಪೀಸ್ ಅಂಡ್ ಫ್ರೀಡಂ ಪಾರ್ಟಿಯಿಂದ ಕ್ಯಾಲಿಫೋರ್ನಿಯಾದ ಗವರ್ನರ್ ಸ್ಥಾನಕ್ಕೂ ನಿಂತಿದ್ದರು.

ಆಮೇಲಿನ ಬೆಟಿಟಾ ಬೇರೆಯದೇ ಕೆಲಸಕ್ಕೆ ಕೈಹಾಕಿದರು. ಕಪ್ಪು, ಕಂದು (ಲ್ಯಾಟಿನ್ ಮೂಲದ), ಏಷ್ಯಾ ಮೂಲದ ಜನ ಒಬ್ಬರಿಗೊಬ್ಬರು ಎದುರಾಳಿಗಳಾಗಬಾರದು ಎಂಬುದು ಅವರ ಹಟ. 1993ರಲ್ಲಿ ಕಪ್ಪು ಜನರ ಹೋರಾಟಗಾರ್ತಿ ಆಂಜೆಲಾ ಡೇವಿಸ್ ಜೊತೆ ಮಾತಾಡುತ್ತಾ, ಯಾರ ನೋವು ದೊಡ್ಡದು ಎಂದು ಪಂದ್ಯ ಕಟ್ಟುವುದು ಬೇಡ ಎಂದರು. 1997ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದಕ್ಕಾಗಿಯೇ ಒಂದು ಸಂಸ್ಥೆ ಕಟ್ಟಿದರು.

ಆ ದೃಷ್ಟಿಯಿಂದಲೇ ಅವರು ಸಿಯಾಟಲ್ ಪ್ರತಿಭಟನೆಯನ್ನು ನೋಡಿದ್ದು. 1999ರ ನವೆಂಬರ್ ಕೊನೆಯಲ್ಲಿ, ದೇಶಗಳ ನಡುವಿನ ವ್ಯಾಪಾರಕ್ಕೆ ನಿಯಮ ಮಾಡುವ ವಿಶ್ವ ವ್ಯಾಪಾರ ಸಂಸ್ಥೆಯ ಸಭೆಯನ್ನು ಅಮೆರಿಕದ ಆ ನಗರದಲ್ಲಿ ಹತ್ತಾರು ಸಾವಿರ ಜನ ತಡೆದರು. ಎಲ್ಲರೂ ಗೆಲುವಿನ ಖುಷಿಯಲ್ಲಿದ್ದಾಗ ಬೆಟಿಟಾ ಕೇಳಿದ್ದು ಒಂದೇ: ಬೀದಿಯಲ್ಲಿದ್ದವರಲ್ಲಿ ಹೆಚ್ಚಿನವರು ಬಿಳಿಯರೇ ಯಾಕೆ? ಸುಮ್ನೆ ಆರೋಪ ಮಾಡಲಿಲ್ಲ, ಹೋದವರನ್ನು ಕೇಳಿ ಕಾರಣ ಹುಡುಕಿದರು. ಬಿಳಿಯರಲ್ಲದ ಅನೇಕರಿಗೆ ಕೆಲಸಕ್ಕೆ ರಜೆ ಸಿಗುವುದಿಲ್ಲ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲ, ಪ್ರಯಾಣಕ್ಕೆ ದುಡ್ಡಿಲ್ಲ. ಪೊಲೀಸರ ಏಟು ತಮಗೇ ಜಾಸ್ತಿ ಬೀಳುತ್ತದೆ ಎಂಬ ಭಯ. ವ್ಯಾಪಾರ ಸಂಸ್ಥೆಯಿಂದ ನಮ್ಮ ಬೀದಿಗೆ ಏನಾಗುತ್ತದೆ ಎಂದು ಯಾರೂ ಬಿಡಿಸಿ ಹೇಳಿರಲಿಲ್ಲ. ಬಿಳಿಯರಲ್ಲದ ಒಂದು ಯುವ ತಂಡ ಪ್ರತಿಭಟನಾಕಾರರ ಕೇಂದ್ರಕ್ಕೆ ಹೋಗಿ, ತುಂಬಿದ್ದ ಬಿಳಿಯ ಹುಡುಗರ ನಡುವೆ ಇರುಸುಮುರುಸಾಗಿ ಹಾಗೇ ಎದ್ದು ಬಂದಿತ್ತು. ಆಮೇಲೆ ಅವರಿಗೇ ಅನ್ನಿಸಿತು, ಇದ್ದು ಕಲಿಯಬೇಕಿತ್ತು ಎಂದು. ಎರಡೂ ಕಡೆಯ ಮಾತನ್ನು ಬೆಟಿಟಾ ಬರೆದಿದ್ದಾರೆ.

ಇಲ್ಲಿ ಕರ್ನಾಟಕದ ಓದುಗರಿಗೆ ಒಂದು ಕೊಂಡಿ ಇದೆ. ಸಿಯಾಟಲ್‌ಗೂ ಮೊದಲು, 1992ರ ಡಿಸೆಂಬರ್‌ನಲ್ಲೇ, ನಮ್ಮ ರೈತ ಸಂಘದವರು ಬೆಂಗಳೂರಿನಲ್ಲಿದ್ದ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಕಚೇರಿಗೆ ನುಗ್ಗಿದ್ದರು. 1999ರ ಆಗಸ್ಟ್‌ನಲ್ಲಿ ಪೀಪಲ್ಸ್ ಗ್ಲೋಬಲ್ ಆಕ್ಷನ್ ಎಂಬ ಜಾಗತಿಕ ಜಾಲದ ಎರಡನೇ ಸಮ್ಮೇಳನ ಬೆಂಗಳೂರಿನಲ್ಲಿ, ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘದ ಆತಿಥ್ಯದಲ್ಲೇ ನಡೆಯಿತು. ಅಂದರೆ ವ್ಯಾಪಾರ ಸಂಸ್ಥೆಯನ್ನು ವಿರೋಧಿಸಿದ ದೊಡ್ಡ ಜನಸಮೂಹ ಬಿಳಿಯರದ್ದಲ್ಲ, ನಮ್ಮಂಥ ದೇಶಗಳ ರೈತರದ್ದು. ಸಿಯಾಟಲ್ ಬೀದಿಯ ಚಿತ್ರದಲ್ಲಿ ಅದು ಕಾಣಲಿಲ್ಲ. ಬೆಟಿಟಾ ಅವರ ಪ್ರಶ್ನೆಯನ್ನು ಈ ಹಿನ್ನೆಲೆಯಲ್ಲಿ ಇಟ್ಟು ಓದಿ, ಅಮೆರಿಕದೊಳಗಿನ ಬಿಳಿಯರಲ್ಲದ ಜನರಿಗೂ ಹೊರಗಿನ ರೈತರಿಗೂ ನಡುವೆ ಯಾವ ಸಂಪರ್ಕ ಕಡಿದಿತ್ತು ಎಂದು ನೀವೇ ಒಂದು ಪುಟ ಬರೆದು ನೋಡಿ.